ಮಡಚಿ ಹೊಲಿದ ತೋಳು

ಬೆಳಿಗ್ಗೆ ಕಾರಿನ ಕೀಲಿಕೈ ಎತ್ತಿಕೊಂಡಾಗಿನಿಂದ ಡೆನಿಸನ ತಲೆಯಲ್ಲಿ ಒಂದೇ ಯೋಚನೆ: ಮಗಳಿಗೆ ಹೇಳುವುದು ಹೇಗೆ. ಹೇಳುವುದಕ್ಕೆ ಅಂಥ ದೊಡ್ಡ ವಿಷಯವೇನೂ ಇಲ್ಲವೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಅಬುಧಾಬಿಗೆ ಹೋಗುವುದು, ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಬೇಟೆಯ ಪ್ರದರ್ಶನದಲ್ಲಿ ಒಂದು ಮಳಿಗೆ ಹುಡುಕುವುದು, ಅಲಿಶಾ ಒಂದು ಚಿಕ್ಕ ರೈಫಲನ್ನು ಹೆಗಲಿಗೆ ಆನಿಸಿಕೊಂಡು ಸ್ವಲ್ಪ ಹೊತ್ತು ನಿಲ್ಲುವುದು, ಅವಳ ತೋಳಿನ ಅಳತೆಗೆ ಮಳಿಗೆಯವರು ಅದರ ಹಿಂಬದಿಯ ಮರವನ್ನು ಕೊಯ್ದುಕೊಳ್ಳುವುದು, ಆಮೇಲೆ ಕುದುರೆ, ಗಿಡುಗ ಎಲ್ಲ ನೋಡಿ ಐಸ್‌ಕ್ರೀಮ್ ತಿಂದು ಮನೆಗೆ ಬರುವುದು. ಇಷ್ಟೇ. ರೈಫಲ್ ಮಾತ್ರ ಅಲಿಶಾಳದಲ್ಲ, ಅರ್ಬಾಬರ ಮಗಳು ಹಫ್ಸಳದು. ಹುಟ್ಟುಹಬ್ಬಕ್ಕೆ ಅಪ್ಪ ಕೊಡುವ ಮೊದಲ ಬೇಟೆಯ ರೈಫಲ್. ಹಫ್ಸಳಿಗೆ ಸುಳಿವು ಸಿಗಬಾರದು, ಆದ್ದರಿಂದ ಅವಳ ಬದಲಿಗೆ ಅದೇ ವಯಸ್ಸಿನ ಅಲಿಶಾ. ಹನ್ನೊಂದು ವರ್ಷದ ಹುಡುಗಿಗೆ ಇದನ್ನು ಒಂದು ಆಟದ ಹಾಗೆ ಹೇಳಿಬಿಡಬಹುದಿತ್ತು. ಆದರೆ ನಿನ್ನೆ ಊಟಕ್ಕೆ ಕೂತಾಗ ಅವನು ಎತ್ತಿದ್ದು ಕುದುರೆಗಳ ಮಾತನ್ನು ಮಾತ್ರ. ಎಂತಕ್ಕೆ ಅರ್ಬಾಬ್ ನಿಮ್ಮನ್ನು ಕರೆದದ್ದು ಎಂದು ಹೆಂಡತಿ ಅಗಾತಾ ಕೇಳಿದಾಗ, ಸುಮ್ಮನೆ, ಮಗಳನ್ನೂ ಕರೆದುಕೊಂಡು ಬಾ ಅಂದ್ರು, ಎಂದು ಹೇಳಿ ಬಂಗುಡೆಯ ಮುಳ್ಳು ಬಿಡಿಸುವುದರಲ್ಲಿ ಮುಳುಗಿಹೋಗಿದ್ದ. ಮುಳ್ಳು ಬಿಡಿಸಿ ಮಗಳ ತಟ್ಟೆಗೆ ಹಾಕಿದ ಮೀನನ್ನು ಅವಳು, ಐ ಕ್ಯಾನ್ ಡು ಇಟ್ ಪಪ್ಪಾ, ಎಂದು ವಾಪಸು ಅವನ ತಟ್ಟೆಗೇ ಹಾಕಿದ್ದಳು.

ಅರ್ಬಾಬ್ ಎಂದರೆ ಅವನು ಕೆಲಸ ಮಾಡುವ ಸ್ಪೇರ್ ಪಾರ್ಟ್ಸ್ ಕಂಪೆನಿಯ ಮಾಲೀಕರು. ಈ ಅರಬರ ನಾಡಿನಲ್ಲಿ ಮಾಲೀಕರನ್ನು ಕರೆಯುವುದೇ ಹಾಗೆ. ಕೆಟ್ಟ ಮನುಷ್ಯರಲ್ಲ. ಡೆನಿಸನ ಅಮ್ಮ ತೀರಿಕೊಂಡ ಸುದ್ದಿ ಬಂದಾಗ ಟಿಕೆಟ್ಟನ್ನು ತಾವೇ ಮಾಡಿಸಿ, ವಿಮಾನ ನಿಲ್ದಾಣದವರೆಗೆ ತಾವೇ ಕಾರು ಓಡಿಸಿಕೊಂಡು ಬಂದವರು. ಅವರು ಕೆಟ್ಟವರಾಗಿದ್ದರೆ ತನಗೆ ಎಷ್ಟೋ ಸುಲಭವಾಗುತ್ತಿತ್ತು ಎಂದು ಡೆನಿಸನಿಗೆ ಒಮ್ಮೊಮ್ಮೆ ಅನಿಸುವುದುಂಟು. ಕೆಟ್ಟವರ ಎದುರು ಕೈಕಟ್ಟಿ ನಿಂತರೆ ಹೊಟ್ಟೆಪಾಡು ಎನ್ನಬಹುದು, ಒಳ್ಳೆಯವರ ಎದುರು ನಿಂತರೆ ಅದಕ್ಕೆ ಏನು ಹೆಸರಿಡುವುದು? ಮೊನ್ನೆ ಅವರು ರಾಸ್ ಅಲ್ ಖೋರ್‌ನ ಆಫೀಸಿಗೆ ಬಂದಾಗ ನಗುತ್ತಲೇ ದೂರು ಹೇಳಿಕೊಂಡಿದ್ದರು. ಪ್ರದರ್ಶನದಲ್ಲಿ ಇಟಲಿಯ ಮುದುಕನೊಬ್ಬ ಮಕ್ಕಳಿಗೆಂದೇ ರೈಫಲ್ ಹೊಂದಿಸಿ ಕೊಡುತ್ತಾನೆ, ಆದರೆ ಅವನಿಗೆ ಮಗುವಿನ ತೋಳಿನ ಅಳತೆ ಬೇಕಂತೆ. ಅರ್ಬಾಬರು ಗಾಳಿಯಲ್ಲಿ ಎರಡು ಅಂಗೈ ಹಿಡಿದು, ಇಷ್ಟು ಇರಬಹುದೋ, ಇಷ್ಟೋ, ಎಂದು ಹಿಗ್ಗಿಸಿ ಕುಗ್ಗಿಸಿ ತೋರಿಸಿ, ನನ್ನ ಮಗಳು ಎಷ್ಟುದ್ದ ಇದ್ದಾಳೆಂದು ನನಗೇ ಗೊತ್ತಿಲ್ಲ ಡೆನಿಸ್, ಎಂದಿದ್ದರು. ಅವರ ನಗುವಿನ ಒಳಗೆ ಸಣ್ಣ ನಾಚಿಕೆ ಇತ್ತು. ಆ ನಾಚಿಕೆಯನ್ನು ತಕ್ಷಣ ಒರೆಸಿಬಿಡಬೇಕೆಂದು ಡೆನಿಸನಿಗೆ ಅನಿಸಿತು. ನನ್ನ ಮಗಳೂ ಅದೇ ಅಳತೆ ಅರ್ಬಾಬ್, ಒಂಚೂರೂ ಹೆಚ್ಚುಕಡಿಮೆ ಇಲ್ಲ, ಬೇಕಾದರೆ ಅವಳನ್ನೇ ಕರೆತರುತ್ತೇನೆ ಎಂದುಬಿಟ್ಟ. ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಕೊಡುವುದು ಇಷ್ಟು ವರ್ಷಗಳಲ್ಲಿ ಅವನ ನಾಲಿಗೆಗೆ ಅಂಟಿಕೊಂಡುಬಿಟ್ಟ ಚಾಳಿ.

ಹೇಳಿದ್ದು ಸುಳ್ಳೂ ಅಲ್ಲ. ಹಫ್ಸ ಬಿಟ್ಟ ಬಟ್ಟೆಗಳು ಅಲಿಶಾ ನಡೆಯಲು ಕಲಿತಾಗಿನಿಂದ ಅವರ ಮನೆಗೆ ಬರುತ್ತಿದ್ದವು. ಆ ಮನೆಯ ಅಡುಗೆ ನೋಡಿಕೊಳ್ಳುವ ಜಸೀಲ ಒಳ್ಳೆಯದನ್ನೇ ಆರಿಸಿ ಚೀಲಕ್ಕೆ ತುಂಬಿ ಡ್ರೈವರನ ಕೈಲಿ ಕಳಿಸುವಳು. ಕೆಲವಕ್ಕೆ ಅಂಗಡಿಯ ಚೀಟಿಯೂ ಹರಿದಿರುವುದಿಲ್ಲ. ಚೀಲ ಬಂದ ವಾರದೊಳಗೆ ಅಲಿಶಾ ಅದರಲ್ಲಿ ಒಂದನ್ನು ತೊಟ್ಟು ಚರ್ಚಿನ ಪೂಜೆಗೆ ಬರುವಳು. ಅಂಗಿ ಅವಳಿಗೇ ಹೊಲಿಸಿದ ಹಾಗೆ ಕೂತಿರುವುದು. ಚರ್ಚಿನ ಅಂಗಳದಲ್ಲಿ ಯಾರಾದರೂ, ಎಲ್ಲಿ ತೆಗೆದದ್ದು ಮಾರಾಯ ಎಂದರೆ ಡೆನಿಸ್ ಒಂದು ಮಾಲ್‌ನ ಹೆಸರು ಹೇಳಿ ಪಕ್ಕಕ್ಕೆ ಸರಿಯುವನು. ಇವತ್ತು ಕೂಡ ಅಗಾತಾ ತನ್ನ ಕ್ಲಿನಿಕ್ಕಿನ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲೇ ಕಪಾಟಿನಿಂದ ಕೆನೆಬಣ್ಣದ ಉದ್ದ ತೋಳಿನ ಫ್ರಾಕು ತೆಗೆದು, ದೊಡ್ಡವರ ಎದುರು ಹೋಗುವುದು, ಇದನ್ನು ಹಾಕು, ಎಂದು ಮಗಳ ಕೈಗೆ ಕೊಟ್ಟಿದ್ದಳು. ಎದೆಯ ಮೇಲೆ ದಾರದಲ್ಲಿ ಕಸೂತಿ ಮಾಡಿದ ಸಣ್ಣ ಹಕ್ಕಿಗಳಿದ್ದವು. ಮುಹೈಸ್ನಾದ ತಮ್ಮ ಫ್ಲ್ಯಾಟಿನ ಬಾಗಿಲು ಎಳೆದುಕೊಳ್ಳುವಾಗ ಡೆನಿಸನಿಗೆ, ಇದು ಎಲ್ಲಿಂದ ಬಂದದ್ದೆಂದು ನೆನಪಾಗಿ, ಬದಲಾಯಿಸಿಕೋ ಎನ್ನಬೇಕೆನಿಸಿತು. ಯಾಕೆ ಎಂದು ಅವಳು ಕೇಳಿದರೆ ಹೇಳುವುದಕ್ಕೆ ಏನೂ ಇರಲಿಲ್ಲ. ಬೀಗ ತಿರುಗಿಸಿದ.

ಜೆಬೆಲ್ ಅಲಿ ದಾಟುವವರೆಗೂ ಅವನು ಬಾಯಿ ತೆರೆಯಲಿಲ್ಲ. ಪಕ್ಕದ ಸಾಲಿನಲ್ಲಿ ಕಂಪೆನಿಯ ಬಸ್ಸುಗಳು, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ ಮುಖಗಳು. ಅಲಿಶಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಗೆ ನೋಡುತ್ತಿದ್ದಳು. ಪುತಾ, ಎಂದು ಕರೆದ. ಅವಳಿಗೆ ಕೇಳಿಸಲಿಲ್ಲ. ಕೇಳಿಸದಿದ್ದುದೇ ಒಳ್ಳೆಯದಾಯಿತು ಎಂದುಕೊಂಡ. ಕೋವಿ ಮುಟ್ಟುವುದೆಂದರೆ ಮಕ್ಕಳಿಗೆ ಖುಷಿಯ ವಿಷಯವೇ. ಅವನಿಗೂ ಅದು ಗೊತ್ತು. ಅವನ ಊರು ಶಿರ್ವದಲ್ಲಿ ಅಪ್ಪ ದುಡಿಯುತ್ತಿದ್ದ ಧಣಿಗಳ ಮನೆಯಲ್ಲಿ ಒಂದು ಕೋವಿ ಇತ್ತು. ಓಟು ಬಂತೆಂದರೆ ಊರಿನ ಕೋವಿಗಳನ್ನೆಲ್ಲ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು, ಓಟು ಮುಗಿದ ಮೇಲೆ ಹೋಗಿ ತರಬೇಕು. ಧಣಿಗಳು ಸ್ವತಃ ಸ್ಟೇಷನ್ನಿನ ಬೆಂಚಿನಲ್ಲಿ ಕೂರಲು ಮೊದಲೇ ರಿಕ್ಷಾದಲ್ಲಿ ಹೋಗಿರುವರು. ಕೋವಿ ಹೊತ್ತು ಹಿಂದಿನಿಂದ ನಡೆದು ಬರುವ ಕೆಲಸ ಡೆನಿಸನ ಅಪ್ಪನದು. ಅಪ್ಪ ಗೋಣಿಯಲ್ಲಿ ಸುತ್ತಿ ಹೊರಡುವನು, ಪೇಟೆ ಹತ್ತಿರವಾಗುತ್ತಿದ್ದಂತೆ ಗೋಣಿ ತೆಗೆದು ಹೆಗಲಿಗೇರಿಸುವನು. ಆ ಪೇಟೆಯ ಬೀದಿಯಷ್ಟು ಉದ್ದಕ್ಕೆ ಅವನ ನಡಿಗೆಯೇ ಬೇರೆ. ಒಮ್ಮೆ ಡೆನಿಸನ ಕೈಗೂ ಕೊಟ್ಟಿದ್ದ. ಬಿಸಿಲಿಗೆ ಕಾದ ನಳಿಗೆ, ಎಣ್ಣೆಯ ವಾಸನೆ, ಹೆಗಲ ಮೂಳೆಗೆ ಒತ್ತುವ ಮರ. ನೆಲಕ್ಕೆ ತಾಗಿಸಬೇಡ, ಧಣಿಗಳದು, ಎಂದು ಅಪ್ಪ ಪ್ರತಿ ಹೆಜ್ಜೆಗೂ ಹೇಳುತ್ತಿದ್ದ. ಇಲ್ಲಿಗೆ ಬಂದ ಹೊಸದರಲ್ಲಿ ಅರ್ಬಾಬರು ಗಿಡುಗದ ಬೇಟೆಯ ವಿಷಯ ಹೇಳುತ್ತಿದ್ದಾಗ ಡೆನಿಸ್, ನಮ್ಮ ಮನೆಯಲ್ಲೂ ಕೋವಿ ಇತ್ತು, ಎಂದುಬಿಟ್ಟಿದ್ದ. ಅರ್ಬಾಬರು ಅದನ್ನು ಮರೆತಿಲ್ಲ. ಅದಕ್ಕೇ ಮೊನ್ನೆ, ನೀನು ತಿಳಿದವನು, ಆರಿಸುವಾಗ ನೀನೂ ಇರು, ಎಂದದ್ದು.

ಪ್ರದರ್ಶನದ ಕಾರ್ ಪಾರ್ಕಿನಲ್ಲಿ ಎಂಜಿನ್ ಆರಿಸಿದ ಮೇಲೆ ಹೇಳಿದ. ಹೇಳಿದ್ದು ಅವಸರದಲ್ಲಿ, ಅರ್ಧ ಕೊಂಕಣಿಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ, ಸೀಟ್ ಬೆಲ್ಟ್ ಬಿಚ್ಚುವ ನೆಪದಲ್ಲಿ ಮುಖ ಆಚೆ ತಿರುಗಿಸಿಕೊಂಡು. ಹಫ್ಸಳಿಗೆ ಸರ್‌ಪ್ರೈಸ್, ಅವಳ ಅಳತೆ ನಿನ್ನದೇ ಅಳತೆ, ಒಂದು ಐದು ನಿಮಿಷ ಹಿಡಿದುಕೊಂಡರೆ ಸಾಕು, ಆಮೇಲೆ ಕುದುರೆ. ಅಲಿಶಾ ಇಯರ್‌ಫೋನನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡಳು.

“ಸೋ ಐ ಆಮ್ ದ ಡಮ್ಮಿ?” ಎಂದಳು.

ಸಿಟ್ಟಿನಿಂದ ಕೇಳಿದ್ದಲ್ಲ. ಅಂಗಡಿಯ ಗಾಜಿನ ಹಿಂದೆ ಬಟ್ಟೆ ತೊಡಿಸಿ ನಿಲ್ಲಿಸಿರುತ್ತಾರಲ್ಲ, ಅದೇ ತಾನೆ ಎಂದು ಖಚಿತ ಮಾಡಿಕೊಳ್ಳುವವಳಂತೆ ಕೇಳಿದಳು. ಹಾಗೆ ಹೇಳಬಾರದು ಪುತಾ, ಇದು ಸಹಾಯ, ಎಂದ ಡೆನಿಸ್. ಓಕೆ, ಎಂದು ಅವಳು ಬಾಗಿಲು ತೆರೆದು ಇಳಿದಳು. ಅವಳು ಅತ್ತಿದ್ದರೆ, ಬರುವುದಿಲ್ಲ ಎಂದು ಹಟ ಹಿಡಿದಿದ್ದರೆ ಅವನಿಗೆ ರೇಗುವುದಕ್ಕಾದರೂ ಒಂದು ದಾರಿ ಇರುತ್ತಿತ್ತು. ಈ ಓಕೆಯನ್ನು ಅವನು ಬಲ್ಲ. ಫೋನಿನಲ್ಲಿ ಅರ್ಬಾಬರಿಗೆ ದಿನಕ್ಕೆ ಎಷ್ಟು ಸಲ ತಾನೇ ಹೇಳುತ್ತಾನೆ.

ಮಳಿಗೆ ತಣ್ಣಗಿತ್ತು. ಗೋಡೆಯ ತುಂಬ ರೈಫಲುಗಳು, ಪಕ್ಕದ ಗಾಜಿನ ಪೆಟ್ಟಿಗೆಗಳಲ್ಲಿ ಬಗೆಬಗೆಯ ಚಾಕುಗಳು, ಹಿಂದೆ ಒಂದು ಕಟ್ಟೆಯ ಮೇಲೆ ಗರಗಸ, ಉಳಿ, ಮರದ ಹೊಟ್ಟು. ಅರ್ಬಾಬರು ಬಿಳಿಯ ಕಂದೂರಾ ನಿಲುವಂಗಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದವರು ಅಲಿಶಾಳನ್ನು ಕಂಡು ಎದ್ದು ನಿಂತರು, ಮಾಷಾ ಅಲ್ಲಾ ಎಂದು ತಲೆ ಸವರಿದರು, ಮಾವಿನ ಜ್ಯೂಸ್ ತರಿಸಿದರು. ಶಾಲೆಯ ವಿಷಯ ಕೇಳಿದರು. ಅವಳು ಚೊಕ್ಕ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರೆ ಡೆನಿಸ್ ಒಂದು ಹೆಜ್ಜೆ ಹಿಂದೆ ನಿಂತು, ಕೈಗಳನ್ನು ಮುಂದೆ ಒಂದರ ಮೇಲೊಂದು ಇಟ್ಟುಕೊಂಡು, ಪ್ರತಿ ಉತ್ತರಕ್ಕೂ ತಾನೇ ಉತ್ತರ ಕೊಟ್ಟವನಂತೆ ತಲೆಯಾಡಿಸುತ್ತಿದ್ದ. ಇಟಲಿಯ ಮುದುಕ ಮೂರು ರೈಫಲುಗಳನ್ನು ಹಸಿರು ಬಟ್ಟೆಯ ಮೇಲೆ ಮಲಗಿಸಿದ. ಒಂದು ಕಪ್ಪು, ಪ್ಲಾಸ್ಟಿಕ್ಕಿನದು, ಬಹಳ ಹಗುರ. ಒಂದು ಬೂದುಬಣ್ಣದ್ದು. ಇನ್ನೊಂದು ಅಕ್ರೋಟಿನ ಮರದ್ದು, ಅದರ ಮೈಮೇಲೆ ನೀರು ಹರಿದ ಹಾಗೆ ಗೆರೆಗಳು. ಅರ್ಬಾಬರು ತಮ್ಮ ಎಂದಿನ ಹಿಂದಿ-ಇಂಗ್ಲಿಷಿನಲ್ಲಿ, ಡೆನಿಸ್, ನಿನ್ನ ಅಪ್ಪ ಇದ್ದಿದ್ದರೆ ಯಾವುದನ್ನು ಆರಿಸುತ್ತಿದ್ದರು, ಎಂದು ಕೇಳಿದರು. ಡೆನಿಸ್ ಮೂರನ್ನೂ ಎತ್ತಿ ನೋಡಿದ, ಮರದ ಮೇಲೆ ಬೆರಳಿನಿಂದ ತಟ್ಟಿದ, ಒಂದು ಕಣ್ಣು ಮುಚ್ಚಿ ನಳಿಗೆಯ ಉದ್ದಕ್ಕೂ ದೃಷ್ಟಿ ಹಾಯಿಸಿದ. ಅಪ್ಪ ಆರಿಸುವುದೇ? ಅಪ್ಪ ಮೂರನ್ನೂ ಹೊತ್ತುಕೊಂಡು ಹೋಗಿ ಎಲ್ಲಿ ಇಡಲಿ ಎಂದು ಕೇಳುತ್ತಿದ್ದ.

“ಅವಳೇ ಹೇಳಲಿ,” ಎಂದರು ಅರ್ಬಾಬರು ಅಲಿಶಾಳತ್ತ ತಿರುಗಿ. “ಹಫ್ಸಳ ವಯಸ್ಸಿನವಳು. ಇವಳಿಗೆ ಇಷ್ಟವಾದದ್ದು ಅವಳಿಗೂ ಆಗುತ್ತದೆ.”

ಅಲಿಶಾ ಜ್ಯೂಸಿನ ಲೋಟ ಕೆಳಗಿಟ್ಟು, ಬೆರಳನ್ನು ಫ್ರಾಕಿಗೆ ಒರೆಸಿಕೊಂಡು, ಮರದ ರೈಫಲಿನ ಗೆರೆಗಳ ಮೇಲೆ ನಿಧಾನವಾಗಿ ಕೈಯಾಡಿಸಿದಳು. ದಿಸ್ ಒನ್, ಎಂದಳು. ಅಷ್ಟು ಹೊತ್ತಿಗೆ ಅವಳ ಮುಖದಲ್ಲಿ ಡಮ್ಮಿಯ ಸುಳಿವೇ ಇರಲಿಲ್ಲ. ಮುದುಕ ಅದನ್ನು ಎತ್ತಿ ಅವಳ ಕೈಗೆ ಕೊಟ್ಟು, ಹೆಗಲಿಗೆ ಹೇಗೆ ಒತ್ತಿಕೊಳ್ಳಬೇಕು, ಕೆನ್ನೆಯನ್ನು ಎಲ್ಲಿ ಇಡಬೇಕು, ಉಸಿರನ್ನು ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿಕೊಟ್ಟ. ಅವಳು ಒಂದೇ ಸಲಕ್ಕೆ ಹಿಡಿದಳು. ಹಿಡಿದವಳು ಅಲುಗಲಿಲ್ಲ. ಬೇರೆ ಮಕ್ಕಳು ತಕ್ಷಣ ನಳಿಗೆಯನ್ನು ಅತ್ತ ಇತ್ತ ತಿರುಗಿಸುತ್ತಾರೆ, ಇವಳು ಹುಟ್ಟು ಬೇಟೆಗಾರ್ತಿ, ಎಂದ ಮುದುಕ. ಅರ್ಬಾಬರು ಚಪ್ಪಾಳೆ ತಟ್ಟಿದರು. ಡೆನಿಸನಿಗೆ ಎದೆ ಉಬ್ಬಿತು. ಉಬ್ಬಿದ್ದೇ ತಡ, ಯಾಕೆ ಉಬ್ಬಬೇಕು ಎಂದು ತನ್ನನ್ನೇ ಕೇಳಿಕೊಂಡ. ಅವಳು ಅಲುಗದೆ ನಿಲ್ಲುವುದನ್ನು ಕಲಿತದ್ದು ಯಾರಿಂದ ಎಂದು ಅವನಿಗೆ ಗೊತ್ತಿತ್ತು. ಮುಂದಿನ ಹುಟ್ಟುಹಬ್ಬಕ್ಕೆ ಇವಳಿಗೆ ಏನು ಕೊಡುವುದೆಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಚೀಲ ಬರುತ್ತದೆ ಎಂದೇ ಎಣಿಸಿಕೊಂಡಿದ್ದ.

ಅರ್ಬಾಬರು ಆಗ ಫ್ರಾಕಿನ ಹಕ್ಕಿಗಳನ್ನು ನೋಡಿದರು. ಹಫ್ಸಳ ಹತ್ತಿರವೂ ಇಂಥದೇ ಒಂದು ಇತ್ತು, ಎಂದು ಆರಂಭಿಸಿದವರು ಅರ್ಧದಲ್ಲಿ ನಿಲ್ಲಿಸಿದರು. ಅಲಿಶಾ ರೈಫಲಿನ ಮೇಲಿಟ್ಟ ಕೆನ್ನೆಯನ್ನು ಎತ್ತದೆಯೇ ಕಣ್ಣನ್ನು ಮಾತ್ರ ಅಪ್ಪನತ್ತ ಹೊರಳಿಸಿದಳು. ಡೆನಿಸ್ ಹೌದು ಅರ್ಬಾಬ್ ಎಂದ. ಜಸೀಲ ಕಳಿಸಿದ್ದೆಂದೋ ಅವರ ಹೆಂಡತಿ ಮೇಡಮ್ ಕೊಟ್ಟದ್ದೆಂದೋ ಸೇರಿಸಲು ಬಾಯಿ ಬರಲಿಲ್ಲ. ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತೋಚದೆ ಚಾಕುಗಳ ಪೆಟ್ಟಿಗೆಯತ್ತ ನೋಡಿದ. ಆದರೆ ಅರ್ಬಾಬರು ದೊಡ್ಡ ಮನಸ್ಸಿನವರು. ಆ ಕ್ಷಣವನ್ನೂ ಅವನಿಗೆ ಅನುಕೂಲವಾಗುವ ಹಾಗೆ ತಿರುಗಿಸಿಕೊಟ್ಟರು. ನೋಡು, ನೀನು ಹೇಳಿದ್ದು ಸರಿ, ಇಬ್ಬರದೂ ಒಂದೇ ಅಳತೆ, ಎಂದು ಅವನ ಹೆಗಲು ತಟ್ಟಿದರು.

ಮುದುಕ ಅಳತೆಯ ಟೇಪು ತಂದ. ಮೊಣಕೈಯನ್ನು ಮಡಚಿಸಿ, ಅದರ ಒಳಗಿನ ಮಡಿಕೆಯಿಂದ ಟ್ರಿಗರ್ ಎಳೆಯುವ ಬೆರಳಿನ ಮೊದಲ ಗೆಣ್ಣಿನವರೆಗೆ ಎಷ್ಟಿದೆಯೋ ಅಷ್ಟು, ಹೆಗಲಿಗೆ ಒತ್ತುವ ಮರದ ಉದ್ದ ಎಂದು ವಿವರಿಸಿದ. ಉದ್ದವಾದರೆ ಪರವಾಗಿಲ್ಲ, ಮಗು ಬೆಳೆಯುತ್ತದೆ. ಗಿಡ್ಡವಾಗಬಾರದು. ಗಿಡ್ಡವಾದರೆ ಕಣ್ಣು ರೈಫಲಿನ ಮೇಲಿನ ದುರ್ಬೀನಿಗೆ ತೀರ ಹತ್ತಿರ ಬರುತ್ತದೆ, ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದ್ದು ದುರ್ಬೀನಿನ ಅಂಚು ಹುಬ್ಬಿಗೆ ಬಡಿಯುತ್ತದೆ. ಹೇಳುತ್ತ ಹೇಳುತ್ತ ತನ್ನ ಬಲ ಹುಬ್ಬಿನ ಮೇಲಿದ್ದ ಹಳೆಯ ಗಾಯದ ಕಲೆಯನ್ನು ಬೆರಳಿಟ್ಟು ತೋರಿಸಿದ. ಒಂದು ಚೂರು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು, ಕೊಯ್ದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ, ಅದಕ್ಕೇ ನಾನು ಮಗುವಿನ ತೋಳೇ ಬೇಕೆನ್ನುವುದು, ಎಂದ. ಅಲಿಶಾಳ ಅಂಗಿಯ ತೋಳನ್ನು ಮೊಣಕೈಯವರೆಗೆ ಸರಿಸಲು ನೋಡಿದ. ಅಂಚು ಗಟ್ಟಿಯಾಗಿತ್ತು, ಮೇಲೆ ಹೋಗಲಿಲ್ಲ. ಹೊರಮಗ್ಗುಲಿಗೆ ಮಗುಚಿದ. ಒಳಗೆ ಎರಡು ಬೆರಳು ಅಗಲದ ಮಡಿಕೆ, ಅದರುದ್ದಕ್ಕೂ ಕೆನೆಬಣ್ಣದ ದಾರದಲ್ಲಿ ಕೈಹೊಲಿಗೆ. ಮುದುಕನಿಗೆ ಅದು ಏನೂ ಅಲ್ಲ. ಮಡಿಕೆಯನ್ನು ಹಾಗೆಯೇ ಮೇಲಕ್ಕೆ ತಳ್ಳಿ, ಟೇಪು ಹಿಡಿದು, ಕಟ್ಟೆಗೆ ಹೋಗಿ, ರೈಫಲಿನ ಮರದ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ.

ಡೆನಿಸ್ ಆ ಹೊಲಿಗೆಯನ್ನೇ ನೋಡುತ್ತ ನಿಂತ. ಒಂದೇ ಸಮನಾದ, ಹೊರಗಿನಿಂದ ಹುಡುಕಿದರೂ ಕಾಣದ ಹೊಲಿಗೆ. ಭಾನುವಾರ ಮಧ್ಯಾಹ್ನ ತಾನು ಸೋಫಾದಲ್ಲಿ ಕಾಲು ಚಾಚಿಕೊಂಡಿರುವಾಗ ಕಿಟಕಿಯ ಬಳಿ ಅಗಾತಾ ಬೆನ್ನು ಬಾಗಿಸಿ ಕೂತಿರುತ್ತಿದ್ದಳು, ತುಟಿಯಲ್ಲಿ ಸೂಜಿ ಕಚ್ಚಿಕೊಂಡು. ಗುಂಡಿ ಹಾಕುತ್ತಿದ್ದಾಳೆ ಎಂದುಕೊಂಡಿದ್ದ. ಏನು ಹೊಲಿಯುತ್ತೀ ಎಂದು ಒಂದು ದಿನವೂ ಕೇಳಿರಲಿಲ್ಲ. ಎಷ್ಟು ಫ್ರಾಕುಗಳು, ಎಷ್ಟು ಪ್ಯಾಂಟುಗಳು, ಸೊಂಟದಲ್ಲಿ, ತೋಳಿನಲ್ಲಿ, ಅಂಚಿನಲ್ಲಿ ಹಿಡಿದು ಕುಗ್ಗಿಸಿ, ತನ್ನ ಕಣ್ಣಿಗೆ ಬೀಳುವ ಮೊದಲೇ ಮಗಳ ಅಳತೆಗೆ ತಂದಿಟ್ಟಿದ್ದಳು. ಅಷ್ಟರಲ್ಲಿ ಅವನಿಗೆ ಇಡೀ ಲೆಕ್ಕ ತಲೆಕೆಳಗಾಗಿ ಕಂಡಿತು. ಈ ಅಂಗಿ ತನಗೆ ಗಿಡ್ಡವಾಯಿತೆಂದು ಹಫ್ಸ ಬಿಟ್ಟದ್ದು. ಹಫ್ಸಳಿಗೆ ಗಿಡ್ಡವಾದದ್ದನ್ನೂ ಮಡಚಿ ಹೊಲಿಯಬೇಕಾದಷ್ಟು ತನ್ನ ಮಗಳು ಚಿಕ್ಕವಳು. ಒಂದೇ ಅಳತೆಯಂತೆ! ಯಾವ ಕಾಲಕ್ಕೂ ಒಂದೇ ಅಳತೆ ಆಗಿರಲಿಲ್ಲ. ಬಿಟ್ಟ ಬಟ್ಟೆ ಸರಿಯಾಗಿ ಕೂತಿತೆಂದು ಹಿಗ್ಗುವವನಿಗೆ ಮಾತ್ರ ಇಂಥ ತಪ್ಪು ಮಾಡಲು ಸಾಧ್ಯ. ನಿನ್ನೆ ಅಗಾತಾಳಿಗೆ ಇರುವ ವಿಷಯ ಹೇಳಿದ್ದರೆ ಅವಳ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

ಮುದುಕ ರೈಫಲನ್ನು ಕಟ್ಟೆಯ ಇಕ್ಕಳಕ್ಕೆ ಸಿಕ್ಕಿಸುತ್ತಿದ್ದ. ಅರ್ಬಾಬರು ಫೋನಿನಲ್ಲಿ ಯಾರೊಡನೆಯೋ ನಗುತ್ತಿದ್ದರು, ಮಾತಿನ ನಡುವೆ ಹಫ್ಸ, ಹಫ್ಸ ಎಂಬ ಹೆಸರು. ಸುಮ್ಮನಿದ್ದರೆ ಆಯಿತು ಎಂದು ಒಂದು ಮನಸ್ಸು ಹೇಳಿತು. ಯಾರಿಗೆ ಗೊತ್ತಾಗುತ್ತದೆ? ಮಕ್ಕಳು ಬೆಳೆಯುತ್ತಾರೆ, ಹೋದ ತಿಂಗಳು ಹೀಗಿರಲಿಲ್ಲ ಎಂದರೆ ಮುಗಿಯಿತು. ಆದರೆ ಆ ಹುಡುಗಿಯ ಹುಬ್ಬು ಅವನ ಕಣ್ಣ ಮುಂದೆ ಬಂತು. ಈದ್ ಹಬ್ಬದ ದಿನ ಓಡಿ ಬಂದು, ಅಂಕಲ್ ಡೆನಿಸ್, ಎಂದು ಖರ್ಜೂರದ ತಟ್ಟೆ ಹಿಡಿಯುವ ಹುಡುಗಿ, ಎಡಗಡೆ ಒಂದು ಹಲ್ಲು ಸೊಟ್ಟಗಿರುವವಳು. ಹೇಳಲೇಬೇಕು. ಹೇಳುವುದು ಹೇಗೆ? ನನ್ನ ಮಗಳು ನಿಮ್ಮ ಮಗಳು ಬಿಟ್ಟ ಅಂಗಿಯನ್ನು ಕುಗ್ಗಿಸಿ ತೊಡುತ್ತಾಳೆ ಎಂದು ಹೇಳದೆ ಇದನ್ನು ಹೇಳುವ ದಾರಿ ಇರಲಿಲ್ಲ. ಅರ್ಬಾಬ್, ಎಂದ. ಅವರು ಒಂದು ನಿಮಿಷ ಎಂಬಂತೆ ಬೆರಳು ತೋರಿಸಿದರು. ಮುದುಕ ಗರಗಸ ಕೈಗೆತ್ತಿಕೊಂಡ. ಡೆನಿಸ್ ಮುಂದೆ ಹೋಗಿ ಅಲಿಶಾಳ ಕೈ ಹಿಡಿದ. ಮಣಿಕಟ್ಟಿನ ಹತ್ತಿರ ಬಾಗಿ, ಮಡಿಕೆಯ ಅಂಚನ್ನು ಮಗುಚಿ, ಉಗುರಿನಿಂದ ದಾರ ಹಿಡಿಯಲು ನೋಡಿದ. ಅಗಾತಾಳ ಹೊಲಿಗೆ ಉಗುರಿಗೆ ಸಿಗುವಂಥದಲ್ಲ. ಸುತ್ತಲೂ ನೂರು ಚಾಕುಗಳಿದ್ದವು, ಎಲ್ಲ ಗಾಜಿನೊಳಗೆ. ಹಲ್ಲಿನಿಂದ ಕಚ್ಚಿದ. ಪಪ್ಪಾ, ವಾಟ್ ಆರ್ ಯೂ ಡೂಯಿಂಗ್, ಎಂದು ಅಲಿಶಾ ಮೆಲ್ಲಗೆ ಹೇಳಿ ಕೈ ಎಳೆದುಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ. ದಾರ ಕಡಿಯಿತು. ಸುತ್ತಲೂ ಎಳೆದು ಬಿಚ್ಚಿದ. ಮಡಿಕೆ ಬಿಟ್ಟು ತೋಳು ಜಾರಿ ಅವಳ ಮಣಿಕಟ್ಟನ್ನು ಮುಚ್ಚಿ ಬೆರಳ ಗೆಣ್ಣುಗಳವರೆಗೆ ಇಳಿಯಿತು. ಬಿಚ್ಚಿದ ಜಾಗದಲ್ಲಿ ಬಟ್ಟೆ ಬೇರೆಯೇ ಬಣ್ಣದ್ದಾಗಿತ್ತು, ಹೊಸದರಂತೆ.

“ನಿಲ್ಲಿಸಿ,” ಎಂದ ಡೆನಿಸ್. “ನನ್ನ ಮಗಳ ಕೈ ಗಿಡ್ಡ. ಹಫ್ಸಳ ಕೈ ಇಲ್ಲಿಯವರೆಗೆ ಬರುತ್ತದೆ. ಇದಕ್ಕಿಂತಲೂ ಉದ್ದ. ಇದು ಅವಳಿಗೆ ಗಿಡ್ಡವಾಗಿ ಬಿಟ್ಟ ಅಂಗಿ.”

ಅರ್ಬಾಬರು ಫೋನನ್ನು ಕಿವಿಯಿಂದ ಕೆಳಗಿಳಿಸಿದರು. ಪಕ್ಕದ ಮಳಿಗೆಯ ಇಬ್ಬರು ಇತ್ತ ತಿರುಗಿದ್ದರು. ಮುದುಕ ಗರಗಸ ಕೆಳಗಿಟ್ಟು ಬಂದು ಜೋಲುತ್ತಿದ್ದ ತೋಳನ್ನು ನೋಡಿ, ಅರ್ಥವಾಯಿತೆಂದು ತಲೆಯಾಡಿಸಿ, ಮತ್ತೆ ಟೇಪು ತೆಗೆದ. ಈ ಸಲ ಅಲಿಶಾಳ ಕೈಯನ್ನು ಅಳೆಯಲಿಲ್ಲ, ಅಂಗಿಯ ತೋಳನ್ನು ಅಳೆದ. ಮಣಿಕಟ್ಟಿನಿಂದಾಚೆಗೆ ಜೋಲುವ ಬಟ್ಟೆಯನ್ನು ನೇರ ಹಿಡಿದು, ಅದರ ಮೇಲೆ ಇನ್ನಷ್ಟು ಸೇರಿಸಿದ. ಅವಳು ಅವನು ಹೇಳಿದ ಹಾಗೆ ಮೊಣಕೈ ಮಡಚಿ ನಿಂತಿದ್ದಳು, ಎದುರಿನ ಗೋಡೆಯ ಒಂದು ಜಾಗಕ್ಕೆ ಕಣ್ಣು ನೆಟ್ಟು. ಮುದುಕ ಮರದ ಮೇಲೆ ಹೊಸ ಗೆರೆ ಎಳೆದ. ಮೊದಲಿನ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದ.

ಅರ್ಬಾಬರು ಕೊನೆಗೆ, ಶುಕ್ರನ್ ಡೆನಿಸ್, ಎಂದು ಉಪಕಾರ ಹೇಳಿದರು. ಅವರ ಮುಖ ಕೆಂಪಾಗಿತ್ತು. ಮೊದಲೇ ಹೇಳಬಾರದಿತ್ತೇ, ಎಂದರು, ಅಲಿಶಾಳ ತಲೆಯ ಮೇಲೆ ಮತ್ತೆ ಕೈಯಿಟ್ಟರು, ಆದರೆ ತೋಳಿನತ್ತ ನೋಡದ ಹಾಗೆ ಜಾಗ್ರತೆಯಿಂದ. ಅವರಿಗೂ ನಾಚಿಕೆಯಾಗಿತ್ತು. ಒರೆಸಿಬಿಡಬೇಕೆಂದು ತಾನು ಹೊರಟ ನಾಚಿಕೆಯನ್ನೇ ಇಮ್ಮಡಿ ಮಾಡಿ ಅವರಿಗೆ ವಾಪಸು ಕೊಟ್ಟಂತಾಯಿತು ಎಂದು ಡೆನಿಸನಿಗೆ ಅನಿಸಿ, ಅಭ್ಯಾಸದಂತೆ, ಸಾರಿ ಅರ್ಬಾಬ್, ಎಂದ. ಮಗಳಿಗೆ ಸಾರಿ ಹೇಳಬೇಕೆಂದು ಹೊಳೆದದ್ದು ಕಾರಿಗೆ ಬಂದ ಮೇಲೆ. ಆಗ ಅದು ಬಹಳ ಸಣ್ಣ ಮಾತಾಗಿ ಕಂಡಿತು.

ಅರ್ಧ ದಾರಿಯಲ್ಲಿ ಕುದುರೆ ನೋಡಲಿಲ್ಲವೆಂದು ನೆನಪಾಯಿತು. ತಿರುಗಿಸಿ ಹೋಗುವ, ಪುತಾ? ಇನ್ನೂ ಹೊತ್ತುಂಟು, ಎಂದ. ಖಲಾಸ್ ಪಪ್ಪಾ, ಇಟ್ಸ್ ಓಕೆ, ಎಂದಳು. ಬಿಚ್ಚಿದ ತೋಳನ್ನು ಅವಳು ಮೇಲಕ್ಕೆ ಮಡಚಿಕೊಂಡಿರಲಿಲ್ಲ. ಹಾಗೆಯೇ ಮಡಿಲಲ್ಲಿ ಬಿಟ್ಟಿದ್ದಳು, ಒಳಗಿನ ಕೈ ಕಾಣಿಸುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನು ಕೈ ಚಾಚಿ ಅದನ್ನು ಮಡಚಿ ಕೊಡಲು ಹೋದ. ಅವಳು ಕೈಯನ್ನು ಮೆಲ್ಲನೆ ಬಾಗಿಲ ಕಡೆಗೆ ಸರಿಸಿಕೊಂಡಳು. ಒರಟಾಗಿ ಅಲ್ಲ. ಬಸ್ಸಿನಲ್ಲಿ ಅಪರಿಚಿತರಿಗೆ ಜಾಗ ಮಾಡಿಕೊಡುವ ಹಾಗೆ.

ಅಗಾತಾ ಡ್ಯೂಟಿ ಮುಗಿಸಿ ಬಂದು ಚಹಾ ಇಟ್ಟಿದ್ದಳು. ಬಾಗಿಲು ತೆರೆದವಳು ಮೊದಲು ನೋಡಿದ್ದು ಮಗಳ ತೋಳನ್ನು. ಹೊಲಿಗೆ ಯಾರು ಬಿಚ್ಚಿದ್ದು, ಎಂದು ಕೇಳಿದಳು. ಕಾರ್ ಡೋರಿಗೆ ಸಿಕ್ಕಿತು ಮಮ್ಮಿ, ಎಂದಳು ಅಲಿಶಾ ಚಪ್ಪಲಿ ಬಿಡುತ್ತ, ತಲೆಯೆತ್ತದೆ, ಒಂದು ಕ್ಷಣವೂ ತಡವರಿಸದೆ. ಹಾರ್ಸಸ್ ಚೆನ್ನಾಗಿದ್ದವು, ಎಂದು ಕೂಡ ಸೇರಿಸಿದಳು. ಡೆನಿಸ್ ಕೀಲಿಕೈಯನ್ನು ಮೊಳೆಗೆ ಸಿಕ್ಕಿಸುತ್ತಿದ್ದವನು ಅಲ್ಲೇ ನಿಂತ. ಯಾರಿಗೂ ನೋವಾಗಬಾರದೆಂದು ಹೇಳುವ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆಂದು ಅವನಿಗೆ ಗೊತ್ತು. ಅದು ತನ್ನ ಬಾಯಿಂದ ಬರುವಾಗ ಹೇಗೆ ಕೇಳಿಸುತ್ತದೆಂದು ಮಗಳ ಬಾಯಲ್ಲಿ ಕೇಳಿ ಇವತ್ತೇ ಗೊತ್ತಾದದ್ದು. ಅಗಾತಾ ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಾಗಿಲಿಗೆ ಸಿಕ್ಕಿದರೆ ಬಟ್ಟೆ ಹರಿಯುತ್ತದೆ, ದಾರ ಮಾತ್ರ ಹೀಗೆ ಕಡಿಯುವುದಿಲ್ಲ. ಅವಳು ಗಂಡನ ಮುಖ ನೋಡಿದಳು. ಒಳಗೆ ಹೋಗಿ ಸೂಜಿದಾರದ ಡಬ್ಬಿ ತಂದು, ಬಾ ಇಲ್ಲಿ, ನಾಳೆ ಪೂಜೆಗೆ ಇದೇ ಬೇಕಾಗ್ತದೆ, ತೆಗೆಯುವುದು ಬೇಡ, ಹಾಗೇ ಹಾಕಿಬಿಡ್ತೇನೆ, ಎಂದು ಕಿಟಕಿಯ ಬಳಿ ಮಣೆ ಎಳೆದುಕೊಂಡಳು.

ಅಲಿಶಾ ಅಮ್ಮನ ಎದುರು ಹೋಗಿ ನಿಂತಳು. ಯಾರೂ ಹೇಳದೆಯೇ ಕೈ ಮುಂದೆ ಚಾಚಿ, ಮೊಣಕೈಯನ್ನು ಮಡಚಿ, ಎದುರಿನ ಗೋಡೆಗೆ ಕಣ್ಣು ನೆಟ್ಟಳು. ಮಳಿಗೆಯಲ್ಲಿ ನಿಂತ ಹಾಗೆಯೇ. ಅಗಾತಾ ತೋಳನ್ನು ಎರಡು ಬೆರಳು ಒಳಕ್ಕೆ ಮಡಚಿ, ತುಟಿಯಿಂದ ಸೂಜಿ ತೆಗೆದು ಮೊದಲ ಹೊಲಿಗೆ ಹಾಕಿದಳು. ಎರಡನೆಯದನ್ನೂ ಹಾಕಿದಳು. ಅಡುಗೆಮನೆಯಲ್ಲಿ ಚಹಾ ಉಕ್ಕಿ ಒಲೆಯ ಮೇಲೆ ಚುರ್ ಎಂದಿತು, ಯಾರೂ ಅತ್ತ ಹೋಗಲಿಲ್ಲ. ಈಗಲೂ ಸುಮ್ಮನಿದ್ದರೆ ಮೂವರೂ ಚಹಾ ಕುಡಿದು ಟಿ.ವಿ. ಹಾಕಬಹುದು ಎಂದು ಡೆನಿಸನಿಗೆ ಗೊತ್ತಿತ್ತು. ಮಗಳು ಅವನಿಗಾಗಿ ಆ ದಾರಿಯನ್ನು ಸಾಫು ಮಾಡಿ ಇಟ್ಟಿದ್ದಳು.

“ಬಾಗಿಲಿಗೆ ಸಿಕ್ಕಿದ್ದಲ್ಲ,” ಎಂದ. “ನಾನು ಬಿಚ್ಚಿದ್ದು. ಹಲ್ಲಿನಿಂದ. ಅರ್ಬಾಬರ ಮಗಳಿಗೆ ರೈಫಲ್ ತೆಗೆಯಲಿಕ್ಕೆ ಇವಳನ್ನು ಅಳತೆಗೆ ಕರೆದುಕೊಂಡು ಹೋದದ್ದು ನಾನು. ಎಲ್ಲರ ಎದುರು ಇವಳನ್ನು ಹಾಗೆ ನಿಲ್ಲಿಸಿದೆ.”

ಅಗಾತಾಳ ಕೈ ನಿಂತಿತು. ಅಲಿಶಾ ಗೋಡೆಯಿಂದ ಕಣ್ಣು ಕೀಳಲಿಲ್ಲ. ಆದರೆ ಬೆಳಗಿನಿಂದ, ರೈಫಲಿನ ಭಾರಕ್ಕೂ, ಮುದುಕನ ಟೇಪಿಗೂ, ಅಷ್ಟು ಜನರ ಕಣ್ಣಿಗೂ ಅಲುಗದೆ ಇದ್ದ ಆ ಕೈ ಈಗ ಬೆರಳ ತುದಿಯಿಂದ ಭುಜದವರೆಗೆ ನಡುಗತೊಡಗಿತು. ಸೂಜಿ ಚುಚ್ಚೀತೆಂದು ಅಗಾತಾ ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಹೊಲಿಗೆ ಅರ್ಧಕ್ಕೆ ನಿಂತಿತ್ತು. ಡೆನಿಸ್ ಹೋಗಿ ಆ ಕೈಯನ್ನು, ತೋಳಿನ ಬಟ್ಟೆಯ ಸಮೇತ, ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಅವಳು ಈ ಸಲ ಅದನ್ನು ಸರಿಸಿಕೊಳ್ಳಲಿಲ್ಲ, ಜೋರಾಗಿ ಅತ್ತಳು.